ಒಳಕ್ಲಾಸಿನ ಎರಡು ನಂಟುಗಳು: ಬಾರಾಮತಿಯ ತೂಕದ ಚೀಟಿ ಒಂದು ಮಾದರಿಯಾಗಿ

ಸಾರಾಂಶ

ಒಂದು ಕ್ಲಾಸಿನೊಳಗೆ ಇನ್ನೊಂದನ್ನು ಬರೆದಾಗ ಎರಡು ನಂಟುಗಳು ಹುಟ್ಟಬಹುದು: ಹೆಸರಿನ ನಂಟು (ಒಳಗಿನ ಕ್ಲಾಸು ಹೊರಗಿನದರ ಹೆಸರುಗಳನ್ನು ಬಳಸಬಲ್ಲದು) ಮತ್ತು ಆಬ್ಜೆಕ್ಟಿನ ನಂಟು (ಒಳಗಿನ ಆಬ್ಜೆಕ್ಟ್ ಹೊರಗಿನ ಒಂದು ಆಬ್ಜೆಕ್ಟನ್ನು ಹಿಡಿದಿರುತ್ತದೆ). ಇವೆರಡನ್ನೂ ಬೇರ್ಪಡಿಸಿ ನೋಡದಿದ್ದರೆ ಮೆಮೊರಿ ಸೋರಿಕೆಯಂಥ ದೋಷಗಳ ಮೂಲ ಕೈಗೆ ಸಿಗುವುದಿಲ್ಲ ಎಂಬುದು ಈ ಲೇಖನದ ವಾದ.

1. ಮಾದರಿ

ಮಹಾರಾಷ್ಟ್ರದ ಬಾರಾಮತಿ ತಾಲೂಕು ಕಬ್ಬಿನ ಸೀಮೆ. ಮಾಳೇಗಾವ್ ಮತ್ತು ಸೋಮೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಗಳು ಇಲ್ಲಿಯವೇ. ಕಬ್ಬಿನ ಗಾಡಿ ಕಾಟಾ (ತೂಕದ ಕಟ್ಟೆ) ಏರಿದಾಗ ತುಂಬಿದ ತೂಕ, ಕಬ್ಬು ಇಳಿಸಿ ಮರಳುವಾಗ ಖಾಲಿ ತೂಕ. ಮೊದಲನೆಯದರಿಂದ ಎರಡನೆಯದನ್ನು ಕಳೆದು ಉಳಿದ ನಿವ್ವಳ ತೂಕದ ಚೀಟಿ ರೈತನ ಕೈ ಸೇರುತ್ತದೆ. ಇದನ್ನು ‘ಹಂಗಾಮು’ ಎಂಬ ಕ್ಲಾಸು, ಅದರೊಳಗೆ ‘ಚೀಟಿ’ ಎಂಬ ಕ್ಲಾಸು ಎಂದು ಬರೆಯೋಣ. ಟನ್ನಿನ ದರವೂ ಆ ವರ್ಷದ ಸಮಸ್ತ ದಾಖಲೆಗಳೂ ಹಂಗಾಮಿನಲ್ಲಿವೆ. ಮೊತ್ತ ಲೆಕ್ಕ ಹಾಕಲು ಚೀಟಿ ಆ ದರವನ್ನು ಓದುತ್ತದೆ. ಮಾದರಿ ವಿವರಣೆಗಾಗಿ ಕಟ್ಟಿದ್ದು. ಯಾವ ಕಾರ್ಖಾನೆಯ ತಂತ್ರಾಂಶವೂ ಅಲ್ಲ.

2. ಭಾಷೆಗಳ ನಡೆ

ಕ್ಲಾಸಿನೊಳಗೆ ಕ್ಲಾಸು ಎಂಬ ವಿನ್ಯಾಸದ ಬೇರು ನಾರ್ವೆಯಲ್ಲಿದೆ. ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ರೂಪಿಸಿದ ಸಿಮ್ಯುಲಾ 67, ಆಲ್ಗಾಲ್ 60ರ ಬ್ಲಾಕ್ ರಚನೆಯನ್ನು ಕ್ಲಾಸಿಗೂ ವಿಸ್ತರಿಸಿತು. ಒಳಗಿನ ಆಬ್ಜೆಕ್ಟ್ ತನ್ನನ್ನು ಸುತ್ತುವರಿದ ಪರಿಸರವನ್ನು ನೆನಪಿಟ್ಟುಕೊಳ್ಳುತ್ತಿತ್ತು.

ಸಿಮ್ಯುಲಾದಿಂದ ಕ್ಲಾಸನ್ನು ಪಡೆದ ಸಿ++ ಆ ನೆನಪನ್ನು ಕೈಬಿಟ್ಟಿತು. ಅಲ್ಲಿ ಒಳಕ್ಲಾಸಿಗೆ ಹೊರಗಿನ ಖಾಸಗಿ ಸದಸ್ಯರನ್ನು ಮುಟ್ಟುವ ಹಕ್ಕಿದೆ. 2011ರ ಮಾನಕ ಇದನ್ನು ಸ್ಪಷ್ಟಪಡಿಸಿದೆ. ಆದರೆ ಯಾವ ಹಂಗಾಮು ಎಂಬುದನ್ನು ಪಾಯಿಂಟರ್ ಇಲ್ಲವೇ ರೆಫರೆನ್ಸ್ ಮೂಲಕ ನಾವೇ ಕೊಡಬೇಕು. ಸಿ ಶಾರ್ಪ್‌ನದೂ ಇದೇ ದಾರಿ. ಪೈಥಾನ್ ಇನ್ನೂ ಬಿಗಿ: ಒಳಕ್ಲಾಸಿನ ಮೆಥಡ್‌ನಲ್ಲಿ ‘ದರ’ ಎಂದಷ್ಟೇ ಬರೆದರೆ ಹೊರಕ್ಲಾಸಿನ ದರ ಕಾಣಿಸದು, ‘ಹಂಗಾಮು.ದರ’ ಎಂದೇ ಹೇಳಬೇಕು.

1997ರ ಜಾವಾ 1.1 ಈ ಎರಡೂ ದಾರಿಗಳನ್ನು ಉಳಿಸಿಕೊಂಡಿತು. ‘ಸ್ಟಾಟಿಕ್’ ಎಂದು ಬರೆದರೆ ಹೆಸರಿನ ನಂಟು ಮಾತ್ರ. ಬರೆಯದಿದ್ದರೆ ಆಬ್ಜೆಕ್ಟಿನ ನಂಟೂ ಕೂಡಿಕೊಳ್ಳುತ್ತದೆ. ಆಗ ಸ್ಟಾಟಿಕ್ ಆದ ‘ಮೇನ್’ ಮೆಥಡ್‌ನಲ್ಲಿ ಬರಿಯ ‘ನ್ಯೂ ಚೀಟಿ()’ ಎಂದರೆ ಕಂಪೈಲರ್ ಒಪ್ಪುವುದಿಲ್ಲ. ಹಂಗಾಮಿನ ಒಂದು ಆಬ್ಜೆಕ್ಟ್ ಹೆಸರಿಸಿ, ಚುಕ್ಕೆಯಿಟ್ಟು, ಆಮೇಲೆ ‘ನ್ಯೂ’ ಬರೆಯಬೇಕು. ‘ಹಂಗಾಮು$ಚೀಟಿ’ ಎಂಬ ಕ್ಲಾಸ್ ಕಡತ ಬಿಚ್ಚಿ ನೋಡಿದರೆ ನಾವು ಬರೆಯದ ಒಂದು ಫೀಲ್ಡ್ ಕಾಣುತ್ತದೆ: ‘ದಿಸ್$0’. ಅದೇ ಹೊರ ಆಬ್ಜೆಕ್ಟಿನ ಕೊಂಡಿ.

3. ಕೊಂಡಿಯ ಬೆಲೆ

ಹಂಗಾಮು ಮುಗಿದ ಮೇಲೂ ರೈತನ ಖಾತೆಯಲ್ಲಿ ಒಂದೇ ಒಂದು ಚೀಟಿ ಉಳಿದಿದೆ ಎನ್ನೋಣ. ಚೀಟಿ ಬದುಕಿರುವವರೆಗೆ ‘ದಿಸ್$0’ ಹಿಡಿದ ಹಂಗಾಮೂ, ಅದರ ಸಾವಿರಾರು ದಾಖಲೆಗಳೂ ಬದುಕಿರುತ್ತವೆ. ಗಾರ್ಬೇಜ್ ಕಲೆಕ್ಟರ್ ಅವನ್ನು ಮುಟ್ಟುವಂತಿಲ್ಲ. ಹೊರಗಿನದನ್ನು ಬಳಸದ ಒಳಕ್ಲಾಸಿನಲ್ಲಿ ಈ ಫೀಲ್ಡನ್ನು ಬಿಡುವ ಸುಧಾರಣೆ ಜಾವಾ 18ರಲ್ಲಿ ಬಂತು. ನಮ್ಮ ಚೀಟಿಯಾದರೋ ದರ ಓದುವುದರಿಂದ ಅದಕ್ಕೆ ಆ ವಿನಾಯಿತಿ ಇಲ್ಲ. ಪರಿಹಾರ ಸರಳ: ಚೀಟಿಯನ್ನು ಸ್ಟಾಟಿಕ್ ಮಾಡಿ, ಹುಟ್ಟುವಾಗಲೇ ಕನ್‌ಸ್ಟ್ರಕ್ಟರ್ ಮೂಲಕ ದರವನ್ನು ಕೊಟ್ಟುಬಿಡುವುದು.

4. ಸಮಾರೋಪ

ಕಾಟ್ಲಿನ್ ಜಾವಾದ ರೂಢಿಯನ್ನು ತಿರುಗಿಸಿತು: ಒಳಕ್ಲಾಸಿಗೆ ಕೊಂಡಿ ತಾನಾಗಿ ಬರುವುದಿಲ್ಲ, ಬೇಕಾದವರು ‘ಇನ್ನರ್’ ಎಂದು ಬರೆದು ಪಡೆಯಬೇಕು. ನನಗೆ ಇದೇ ಸರಿಯಾದ ಕ್ರಮವೆನಿಸುತ್ತದೆ, ಏಕೆಂದರೆ ಆಯುಷ್ಯವನ್ನು ಕಟ್ಟಿಹಾಕುವ ನಂಟು ಓದುವವರ ಕಣ್ಣಿಗೆ ಬೀಳಬೇಕು. ಕಾಟಾದಿಂದ ಹೊರಟ ರೈತ ತೂಕ ಬರೆದ ಚೀಟಿಯನ್ನಷ್ಟೇ ಮನೆಗೆ ಒಯ್ಯುತ್ತಾನೆ, ಕಾರ್ಖಾನೆಯ ದಫ್ತರವನ್ನಲ್ಲ. ಒಳಕ್ಲಾಸು ಬರೆಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ: ಈ ಆಬ್ಜೆಕ್ಟ್ ತನ್ನೊಡನೆ ಏನನ್ನು ಒಯ್ಯಬೇಕು?