'ಸೈಕೋ' ತೆರೆಮರೆಯಲ್ಲಿ: ಏಳು ದಿನದ ಸ್ನಾನ, ಹೆಸರಿಲ್ಲದ ಕೈಗಳು

ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ 'ಸೈಕೋ' 1960ರ ಜೂನ್ 16ರಂದು ನ್ಯೂಯಾರ್ಕ್‌ನಲ್ಲಿ ತೆರೆಕಂಡಿತು. ಅಪರಾಧ ಚಿತ್ರಗಳ ಮಾತು ಬಂದಾಗಲೆಲ್ಲ ಇಂದಿಗೂ ಈ ಹೆಸರು ಕೇಳಿಬರುತ್ತದೆ. ಜೊತೆಗೇ ಹಿಚ್‌ಕಾಕ್ ಹೆಸರೂ. ಆದರೆ ಚಿತ್ರ ರೂಪುಗೊಂಡ ಬಗೆಯನ್ನು ಕೆದಕುತ್ತ ಹೋದರೆ, ಪರದೆಯ ಮೇಲೆ ಹೆಸರೇ ಮೂಡದ ಹಲವರು ಎದುರಾಗುತ್ತಾರೆ.

ಮೂಲಕಥೆ ರಾಬರ್ಟ್ ಬ್ಲಾಕ್ 1959ರಲ್ಲಿ ಪ್ರಕಟಿಸಿದ ಕಾದಂಬರಿಯದು. ವಿಸ್ಕಾನ್ಸಿನ್ ರಾಜ್ಯದ ಪ್ಲೇನ್‌ಫೀಲ್ಡ್‌ನಲ್ಲಿ 1957ರಲ್ಲಿ ಬಂಧಿತನಾದ ಕೊಲೆಗಾರ ಎಡ್ ಗೀನ್‌ನ ಪ್ರಕರಣ ಅದಕ್ಕೆ ಪ್ರೇರಣೆ. ಕೊಳ್ಳುವವರು ಯಾರೆಂಬುದನ್ನು ಮುಚ್ಚಿಟ್ಟು, ಏಜೆಂಟರ ಮೂಲಕ ಕೇವಲ 9,000 ಡಾಲರ್‌ಗೆ ಹಕ್ಕುಗಳನ್ನು ಖರೀದಿಸಲಾಯಿತು. ಪ್ರಕಾಶಕರ ಪಾಲೂ ಏಜೆಂಟರ ಪಾಲೂ ಕಳೆದ ಮೇಲೆ ಲೇಖಕನ ಕೈಗೆ ಬಂದದ್ದು ಇನ್ನೂ ಕಡಿಮೆ.

ಸ್ವಂತ ಹಣದ ಸಾಹಸ

ಪ್ಯಾರಾಮೌಂಟ್ ಸಂಸ್ಥೆಗೆ ಕಥೆ ಹಿಡಿಸಲಿಲ್ಲ. ಹಿಚ್‌ಕಾಕ್ ತಮ್ಮ ನಿರ್ಮಾಣ ಸಂಸ್ಥೆಯಿಂದಲೇ ಹಣ ಹೂಡುವುದಾಗಿ ತಿಳಿಸಿದರು. ರೂಢಿಯ 2.5 ಲಕ್ಷ ಡಾಲರ್ ಸಂಭಾವನೆಯನ್ನು ಬಿಟ್ಟು ಚಿತ್ರದ ಶೇ. 60ರಷ್ಟು ಒಡೆತನ ಕೇಳಿದರು. ಚಿತ್ರ ನೆಲಕಚ್ಚಿದ್ದರೆ ನಷ್ಟ ಅವರದೇ. ಹೀಗಾಗಿ ಮಿತವ್ಯಯ ಅನಿವಾರ್ಯವಾಯಿತು. ವೆಚ್ಚ ಸುಮಾರು 8 ಲಕ್ಷ ಡಾಲರ್‌ಗೆ ನಿಂತಿತು. ತಮ್ಮ ಟಿವಿ ಧಾರಾವಾಹಿಯ ಛಾಯಾಗ್ರಾಹಕ ಜಾನ್ ರಸೆಲ್ ಮತ್ತು ತಂಡವನ್ನೇ ಕರೆತಂದರು. ಕಪ್ಪು-ಬಿಳುಪು ಆಯ್ದುಕೊಂಡದ್ದರಲ್ಲಿ ಉಳಿತಾಯವೂ ಇತ್ತು, ವರ್ಣದಲ್ಲಿ ರಕ್ತ ಅಸಹ್ಯ ಹುಟ್ಟಿಸೀತೆಂಬ ಎಚ್ಚರವೂ ಇತ್ತು. ತೆರೆಯ ಮೇಲೆ ಹರಿದ ಆ 'ರಕ್ತ' ಚಾಕೊಲೇಟ್ ಸಿರಪ್!

ಮೂರು ನಿಮಿಷಕ್ಕೆ ಏಳು ದಿನ

ಸ್ನಾನಗೃಹದ ಕೊಲೆಯ ದೃಶ್ಯವನ್ನು 1959ರ ಡಿಸೆಂಬರ್ 17ರಿಂದ 23ರವರೆಗೆ ಚಿತ್ರೀಕರಿಸಲಾಯಿತು. ತೆರೆಯ ಮೇಲೆ ಅದು ಸುಮಾರು ಮೂರು ನಿಮಿಷ. ಕ್ಯಾಮೆರಾವನ್ನು 78 ವಿಧವಾಗಿ ನಿಲ್ಲಿಸಿ ಚಿತ್ರಿಸಿ, 52 ಕಡೆ ಕತ್ತರಿಸಿ ಜೋಡಿಸಲಾಗಿದೆ ಎಂಬ ಲೆಕ್ಕ ಪ್ರಸಿದ್ಧ. ಚೂರಿ ಮೈಯನ್ನು ಸೀಳುವುದು ಎಲ್ಲಿಯೂ ಕಾಣುವುದಿಲ್ಲ; ಕಂಡಂತೆ ಭಾಸವಾಗುತ್ತದೆ. ಆ ಭ್ರಮೆ ಸಂಕಲನಕಾರ ಜಾರ್ಜ್ ಟೊಮಾಸಿನಿಯವರ ಕೈಚಳಕ. ಇರಿತದ ಸದ್ದಿಗಾಗಿ ಬಗೆಬಗೆಯ ಕರಬೂಜದ ಹಣ್ಣುಗಳಿಗೆ ಚೂರಿ ಹಾಕಿಸಿ, ಕಿವಿಗೊಟ್ಟು ಕೇಳಿ, ಒಂದನ್ನು ಆರಿಸಲಾಯಿತಂತೆ.

ನಾಯಕಿ ಜಾನೆಟ್ ಲೀ ಅವರ ಬದಲಿಗೆ ಕೆಲವು ತುಣುಕುಗಳಲ್ಲಿ ಕಾಣಿಸಿಕೊಂಡವರು ರೂಪದರ್ಶಿ ಮಾರ್ಲಿ ರೆನ್‌ಫ್ರೋ. ಅವರ ಹೆಸರು ಚಿತ್ರದಲ್ಲಿ ಇಲ್ಲ. ನಾಯಕ ಆಂಥನಿ ಪರ್ಕಿನ್ಸ್ ಆ ದಿನಗಳಲ್ಲಿ ಸೆಟ್‌ನಲ್ಲೇ ಇರಲಿಲ್ಲ. ನ್ಯೂಯಾರ್ಕ್‌ನಲ್ಲಿ ಸಂಗೀತ ನಾಟಕವೊಂದರ ತಾಲೀಮಿನಲ್ಲಿದ್ದರು. ಪರದೆಯ ಆಚೆ ಚೂರಿ ಹಿಡಿದು ನಿಂತ ನೆರಳು ಸಾಹಸ ಕಲಾವಿದೆಯೊಬ್ಬರದು. 'ತಾಯಿ'ಯ ಧ್ವನಿಗೂ ಮೂವರು ಬೇಕಾದರು: ವರ್ಜೀನಿಯಾ ಗ್ರೆಗ್, ಜೀನೆಟ್ ನೋಲನ್ ಹಾಗೂ ಪಾಲ್ ಜಾಸ್ಮಿನ್ ಎಂಬ ಯುವಕ. ಗಂಡಸಿನ ಧ್ವನಿ ಏತಕ್ಕೆಂದು ಚಿತ್ರ ನೋಡಿದವರಿಗೆ ಗೊತ್ತು. ನೋಡದವರಿಗಾಗಿ ಆ ಗುಟ್ಟನ್ನು ಇಲ್ಲಿ ಬಿಡಿಸುತ್ತಿಲ್ಲ.

ಚಿತ್ರ ಸಿದ್ಧವಾದ ಮೇಲೆ, ಶವವಾಗಿ ಬಿದ್ದಿದ್ದ ನಾಯಕಿಯಲ್ಲಿ ಜೀವದ ಸಣ್ಣದೊಂದು ಕದಲಿಕೆಯನ್ನು ಪತ್ತೆಹಚ್ಚಿದವರು ಹಿಚ್‌ಕಾಕ್ ಪತ್ನಿ ಆಲ್ಮಾ ರೆವಿಲ್. ಅಲ್ಲಿಯವರೆಗೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಿರ್ದೇಶಿಸಿದವರು ಯಾರು?

ಶೀರ್ಷಿಕೆ ವಿನ್ಯಾಸಕ ಸಾಲ್ ಬಾಸ್ ಈ ದೃಶ್ಯದ ಪ್ರತಿ ತುಣುಕಿಗೂ ಮೊದಲೇ ರೇಖಾಚಿತ್ರ ಬರೆದುಕೊಟ್ಟಿದ್ದರು. ಮುಂದೆ 1970ರ ದಶಕದಲ್ಲಿ, ದೃಶ್ಯವನ್ನು ನಿರ್ದೇಶಿಸಿದ್ದೂ ತಾವೇ ಎಂದು ಹೇಳಿಕೊಂಡರು. ವಿವಾದವೆದ್ದಿತು. ಸಹಾಯಕ ನಿರ್ದೇಶಕ ಹಿಲ್ಟನ್ ಗ್ರೀನ್ ಮತ್ತು ಜಾನೆಟ್ ಲೀ ಇಬ್ಬರೂ ಇದನ್ನು ಖಡಾಖಂಡಿತವಾಗಿ ಅಲ್ಲಗಳೆದರು.

ಇಲ್ಲಿ ಇನ್ನೊಂದು ಪ್ರಸಂಗವನ್ನು ನೆನೆಯಬೇಕು. ಪತ್ತೇದಾರ ಮೆಟ್ಟಿಲೇರುವ ದೃಶ್ಯದ ದಿನ ಹಿಚ್‌ಕಾಕ್ ಜ್ವರದಿಂದ ಮಲಗಿದ್ದರು. ತಂಡ ಬಾಸ್ ಅವರ ರೇಖಾಚಿತ್ರಗಳಂತೆಯೇ ಚಿತ್ರಿಸಿತು. ಕಟಕಟೆಯ ಮೇಲಿನ ಕೈ, ಮೇಲೇರುವ ಕಾಲು... ನೋಡಿದಾಗ ಹಿಚ್‌ಕಾಕ್ ಒಪ್ಪಲಿಲ್ಲ. ಹಾಗೆ ತೋರಿಸಿದರೆ ಬಲಿಯಾಗಬೇಕಾದ ಮನುಷ್ಯನೇ ಕೇಡಿಗನಂತೆ ಕಾಣುತ್ತಾನೆ ಎಂಬುದು ಅವರ ತಕರಾರು. ದೃಶ್ಯವನ್ನು ಮತ್ತೆ ಚಿತ್ರಿಸಲಾಯಿತು. ರೇಖೆಗೂ ದೃಶ್ಯಕ್ಕೂ ನಡುವೆ ನಿರ್ದೇಶಕನಿಗೆ ಎಷ್ಟು ಕೆಲಸವಿದೆ ಎಂಬುದಕ್ಕೆ ಈ ಪ್ರಸಂಗವೇ ಸಾಕ್ಷಿ. ಹಾಗೆಂದು ಸ್ನಾನಗೃಹದ ದೃಶ್ಯದಲ್ಲಿ ಬಾಸ್ ಅವರ ಪಾಲು ಸಣ್ಣದೇನಲ್ಲ.

ಬೇಡವೆಂದ ಸಂಗೀತ

ಸ್ನಾನಗೃಹದ ದೃಶ್ಯಕ್ಕೆ ಸಂಗೀತ ಕೂಡದೆಂಬುದು ಹಿಚ್‌ಕಾಕ್ ಸೂಚನೆಯಾಗಿತ್ತು. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಅದನ್ನು ಮೀರಿ, ಪಿಟೀಲು ಕುಟುಂಬದ ವಾದ್ಯಗಳಿಂದಷ್ಟೇ ಚೀರಾಟದಂತಹ ನಾದ ಹೊರಡಿಸಿದರು. ಹಿಚ್‌ಕಾಕ್ ಕೇಳಿದರು, ಮನಸ್ಸು ಬದಲಿಸಿದರು. ಚಿತ್ರವನ್ನು ಕುಗ್ಗಿಸಿ ಟಿವಿಗೆ ಕೊಟ್ಟುಬಿಡುವ ಯೋಚನೆಯೂ ಆಗ ಅವರಿಗಿತ್ತೆಂದು ಹರ್ಮನ್ ಮುಂದೆ ನೆನಪಿಸಿಕೊಂಡಿದ್ದಾರೆ.

ಅಂದಹಾಗೆ, ಶೌಚಾಲಯದಲ್ಲಿ ನೀರು ಹರಿಬಿಡುವುದನ್ನು ತೋರಿಸಿದ ಮೊದಲ ಹಾಲಿವುಡ್ ಚಿತ್ರವೂ ಇದೇ ಎನ್ನುತ್ತಾರೆ. ಚಿತ್ರಕಥೆಗಾರ ಜೋಸೆಫ್ ಸ್ಟೆಫಾನೊ ಪಟ್ಟು ಹಿಡಿದು ಉಳಿಸಿಕೊಂಡ ವಿವರವದು. ಬಿಡುಗಡೆಯ ವೇಳೆ, ಚಿತ್ರ ಆರಂಭವಾದ ಬಳಿಕ ಯಾರನ್ನೂ ಒಳಬಿಡದ ಕಟ್ಟಪ್ಪಣೆಯಿತ್ತು. ಮಧ್ಯದಲ್ಲಿ ಬಂದು ಕೂರುವ ಅಭ್ಯಾಸವಿದ್ದ ಪ್ರೇಕ್ಷಕರು ಸಾಲುಗಟ್ಟಿ ನಿಂತರು, ಚಿತ್ರ ಗೆದ್ದಿತು. ಹಿಚ್‌ಕಾಕ್ ಹೂಡಿದ್ದು ಹಲವು ಪಟ್ಟಾಗಿ ಮರಳಿತು.

ನಿರ್ದೇಶನ, ಪೋಷಕ ನಟಿ, ಛಾಯಾಗ್ರಹಣ ಮತ್ತು ಕಲಾ ನಿರ್ದೇಶನ ವಿಭಾಗಗಳಲ್ಲಿ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ದೊರೆಯಿತು. ಪ್ರಶಸ್ತಿ ಒಂದೂ ಬರಲಿಲ್ಲ. ಹರ್ಮನ್ ಸಂಗೀತಕ್ಕಾಗಲಿ, ಟೊಮಾಸಿನಿ ಸಂಕಲನಕ್ಕಾಗಲಿ ನಾಮನಿರ್ದೇಶನವೂ ಇರಲಿಲ್ಲ. ಸ್ನಾನಗೃಹದ ದೃಶ್ಯವನ್ನೇ ವಸ್ತುವಾಗುಳ್ಳ '78/52' ಸಾಕ್ಷ್ಯಚಿತ್ರ 2017ರಲ್ಲಿ ಬಂದಿತು. ಮಾರ್ಲಿ ರೆನ್‌ಫ್ರೋ ಅದರಲ್ಲಿ ತಮ್ಮ ಹೆಸರಿನಿಂದಲೇ ಕಾಣಿಸಿಕೊಂಡು ಆ ಡಿಸೆಂಬರ್‌ನ ಕೆಲಸವನ್ನು ವಿವರಿಸಿದ್ದಾರೆ.