ಬಿಕಾಂ ಪುಸ್ತಕದ ಮೊದಲ ಪಾಠದಲ್ಲಿದ್ದ ಫಿಲಾಸಫಿ ಮೇಷ್ಟ್ರು



ಬಿಕಾಂ ಓದುವಾಗ ಸಂಜೆ ಹೊತ್ತು ತತ್ವಶಾಸ್ತ್ರದ ಒಂದು ಸರ್ಟಿಫಿಕೇಟ್ ಕೋರ್ಸ್ ಸೇರಬೇಕು ಅಂತಿದ್ದೆ. ನಮ್ಮ ಮೇಷ್ಟ್ರೊಬ್ಬರು ನಕ್ಕುಬಿಟ್ಟರು. 'ಮೊದಲು ಡೆಬಿಟ್ಟು, ಕ್ರೆಡಿಟ್ಟು ಸರಿಯಾಗಿ ಕಲಿಯಪ್ಪ. ಫಿಲಾಸಫಿಯಿಂದ ಹೊಟ್ಟೆ ತುಂಬುತ್ತಾ?' ಅಂದ್ರು. ಸುಮ್ಮನಾದೆ. ಅದೇ ವರ್ಷ ಎರಡು ಮಾರ್ಕಿನ ಒಂದು ಪ್ರಶ್ನೆಗೆ ಉತ್ತರ ಬರೆದೆ: ಅರ್ಥಶಾಸ್ತ್ರದ ಪಿತಾಮಹ ಆಡಮ್ ಸ್ಮಿತ್. ಆ ಪಿತಾಮಹರು ಹೊಟ್ಟೆಪಾಡಿಗೆ ಏನು ಮಾಡ್ತಿದ್ದರು ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ಫಿಲಾಸಫಿ ಪಾಠ ಮಾಡ್ತಿದ್ದರು!

ಸ್ಮಿತ್ 1737ರಲ್ಲಿ, 14ನೇ ವಯಸ್ಸಿಗೆ, ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಸೇರಿದರು. ಅಲ್ಲಿ ಅವರ ಗುರು ಫ್ರಾನ್ಸಿಸ್ ಹಚಿಸನ್. ಲ್ಯಾಟಿನ್‌ನಲ್ಲಿ ಪಾಠ ಹೇಳುವ ಸಂಪ್ರದಾಯ ಬಿಟ್ಟು, ಹುಡುಗರಿಗೆ ಅರ್ಥವಾಗೋ ಇಂಗ್ಲಿಷಿನಲ್ಲೇ ಪಾಠ ಮಾಡಿದವರು. 1752ರಲ್ಲಿ ಸ್ಮಿತ್ ಅವರೇ ಅಲ್ಲಿ ನೀತಿಶಾಸ್ತ್ರದ ಪ್ರೊಫೆಸರ್ ಆದರು. ಅವರ ಪಾಠದಲ್ಲಿ ನಾಲ್ಕು ಭಾಗ: ದೇವರು, ನೀತಿ, ನ್ಯಾಯ, ಕೊನೆಗೆ ವ್ಯಾಪಾರ ಮತ್ತು ಸರ್ಕಾರದ ಹಣಕಾಸು. ಅಂದ್ರೆ ನಾವು ಮೂರು ವರ್ಷ ಓದೋ ವಿಷಯದ ಬೇರು ಇರೋದು ಫಿಲಾಸಫಿ ಕ್ಲಾಸಿನ ಕೊನೆಯ ಭಾಗದಲ್ಲಿ.

ಆಗ ವಿದ್ಯಾರ್ಥಿಗಳು ಫೀಸನ್ನು ನೇರವಾಗಿ ಮೇಷ್ಟ್ರ ಕೈಗೇ ಕೊಡ್ತಿದ್ದರು. 1764ರಲ್ಲಿ ಸ್ಮಿತ್ ವರ್ಷದ ನಡುವೆ ಕೆಲಸ ಬಿಟ್ಟಾಗ ಆ ಫೀಸನ್ನು ವಾಪಸ್ ಕೊಡೋಕೆ ಹೋದರು. ಹುಡುಗರು ಬೇಡ ಅಂದರೂ ಬಿಡಲಿಲ್ಲವಂತೆ.

'ವೆಲ್ತ್ ಆಫ್ ನೇಷನ್ಸ್' ಬಂದಿದ್ದು 1776ರಲ್ಲಿ. ಅದಕ್ಕೂ 17 ವರ್ಷ ಮೊದಲೇ, 1759ರಲ್ಲಿ, ನೀತಿಯ ಬಗ್ಗೆ 'ಥಿಯರಿ ಆಫ್ ಮಾರಲ್ ಸೆಂಟಿಮೆಂಟ್ಸ್' ಬಂದಿತ್ತು. ನಾವು ಮಾಡಿದ್ದನ್ನು ಪಕ್ಷಪಾತವಿಲ್ಲದ ಒಬ್ಬ ನೋಡುಗನ ಕಣ್ಣಿಂದ ನೋಡಿಕೊಳ್ಳಬೇಕು ಅನ್ನೋದು ಅದರ ಒಂದು ಮುಖ್ಯ ವಿಚಾರ. 1790ರಲ್ಲಿ, ತೀರಿಕೊಂಡ ವರ್ಷವೇ, ಅದರ ಪರಿಷ್ಕೃತ ಆವೃತ್ತಿ ಹೊರಬಂತು. ಅದಕ್ಕೆ ಸೇರಿಸಿದ ಹೊಸ ಅಧ್ಯಾಯದ ವಿಷಯ ಕೇಳಿ: ಶ್ರೀಮಂತರನ್ನು ಮೆಚ್ಚಿ ಬಡವರನ್ನು ಕಡೆಗಣಿಸೋ ಸ್ವಭಾವ ನಮ್ಮ ನೀತಿಯನ್ನೇ ಕೆಡಿಸುತ್ತೆ.

ಮತ್ತೆ ಇವೆರಡು ಬೇರೆಯಾಗಿದ್ದು ಯಾವಾಗ? ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರಕ್ಕೆ ಪ್ರತ್ಯೇಕ ಪದವಿ ಪರೀಕ್ಷೆ ಬಂದಿದ್ದೇ 1903ರಲ್ಲಿ, ಆಲ್‌ಫ್ರೆಡ್ ಮಾರ್ಷಲ್ ಹಠ ಹಿಡಿದ ಮೇಲೆ. ಅಲ್ಲಿವರೆಗೆ ಅದು ನೀತಿಶಾಸ್ತ್ರದಂಥ ಕೋರ್ಸುಗಳ ಒಂದು ಭಾಗವಾಗಿತ್ತು. ವಿಷಯ ದೊಡ್ಡದಾಗಿತ್ತು, ಅದಕ್ಕೇ ಅಂತ ಪೂರ್ತಿ ಸಮಯ ಬೇಕು ಅನ್ನೋ ಅವರ ವಾದ ತಪ್ಪೇನಲ್ಲ. ಆದರೆ 1920ರಲ್ಲಿ ಆಕ್ಸ್‌ಫರ್ಡ್ ತತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಮೂರನ್ನೂ ಸೇರಿಸಿ ಒಂದು ಪದವಿ ಶುರು ಮಾಡ್ತು.

ಇದನ್ನೆಲ್ಲ ನಾನು ಹುಡುಕಿ ಓದೋಕೆ ಒಂದು ಕಾರಣ ಇದೆ. ಡಿಗ್ರಿ ಮುಗಿಸಿ ಸಾಲ ಕೊಡೋ ಒಂದು ಕಂಪನಿ ಸೇರಿದೆ. ಕಂತು ಕಟ್ಟದವರಿಗೆ ಫೋನ್ ಮಾಡೋದು ನನ್ನ ಕೆಲಸ. ಒಬ್ಬ ಅಮ್ಮ 'ಮಗ ಆಸ್ಪತ್ರೇಲಿದಾನೆ ಕಣಪ್ಪ, ಒಂದು ತಿಂಗಳು ತಡ್ಕೊ' ಅಂದ್ರು. ನಾನು ಎದುರಿಗಿದ್ದ ಹಾಳೆಯಲ್ಲಿನ ಮುಂದಿನ ಸಾಲು ಓದಿದೆ. ಅವರು ಅದೇ ವಾರ ದುಡ್ಡು ಕಟ್ಟಿದರು. ನನಗೆ ಇನ್ಸೆಂಟಿವ್ ಬಂತು.

ಲೆಕ್ಕದಲ್ಲಿ ಎಲ್ಲ ಸರಿ ಇತ್ತು. ಆ ದುಡ್ಡು ಎಲ್ಲಿಂದ ತಂದರು ಅಂತ ನಾನು ಕೇಳಲೇ ಇಲ್ಲ.

ಈ ವರ್ಷ ಆ ಸಂಜೆ ಕೋರ್ಸಿಗೆ ಸೇರಿದೀನಿ. ನೀವು ಬಿಕಾಂ, ಬಿಬಿಎ ಓದ್ತಿದ್ರೆ, ನನ್ನಷ್ಟು ತಡ ಮಾಡಬೇಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.