ದೋಣಿಯ ಯಂತ್ರ ಮತ್ತು ಅದರ ಕಿಡಿ

ನಾರ್ವೆಯಲ್ಲಿ ಹುಟ್ಟಿ, ಎಳವೆಯಲ್ಲಿಯೇ ಅಮೆರಿಕೆಯ ವಿಸ್ಕಾನ್ಸಿನ್ ಪ್ರಾಂತಕ್ಕೆ ಬಂದು ನೆಲಸಿದ ಓಲೆ ಎವಿನ್‌ರೂಡನು 1909ರಲ್ಲಿ ಮಿಲ್ವಾಕಿ ನಗರದಿಂದ ಮಾರಾಟಕ್ಕೆ ತಂದ ಒಂದೂವರೆ ಅಶ್ವಶಕ್ತಿಯ ಯಂತ್ರವು, ದೋಣಿಯ ಹಿಂಬದಿಯ ಹಲಗೆಗೆ ತಗುಲಿಸಬಹುದಾದ ಮೋಟಾರುಗಳಲ್ಲಿ ಮೊತ್ತಮೊದಲಿನದಲ್ಲ. ಡೆಟ್ರಾಯಿಟ್‌ನಲ್ಲಿ ಕ್ಯಾಮರನ್ ವಾಟರ್‌ಮನ್ ಎಂಬಾತನು ಅದಕ್ಕೆ ಮುಂಚೆಯೇ ಇಂಥದನ್ನು ಮಾರತೊಡಗಿದ್ದನು. ಆದರೂ ಕೀರ್ತಿಯು ಎವಿನ್‌ರೂಡನಿಗೆ ಒಲಿಯಿತು. ಪ್ರಿಯತಮೆಗೆಂದು ಹುಟ್ಟುಹಾಕಿಕೊಂಡು ಸರೋವರ ದಾಟಿ ತಂದ ಐಸ್‌ಕ್ರೀಂ ದಾರಿಯಲ್ಲೇ ಕರಗಿದ್ದರಿಂದ ಅವನಿಗೆ ಈ ಯಂತ್ರ ಹೊಳೆಯಿತೆಂಬ ಕಥೆಯುಂಟು; ಅದು ಜಾಹೀರಾತಿಗೆ ಒಪ್ಪುವಂಥದು.

ಆ ಮೊದಲ ಯಂತ್ರಗಳು ಕಿಡಿಗಾಗಿ ಒಣ ಬ್ಯಾಟರಿಗಳ ಪೆಟ್ಟಿಗೆಯನ್ನು ನೆಚ್ಚಿದ್ದವು. ನೀರು ಸಿಡಿಯುವ ದೋಣಿಯಲ್ಲಿ ಅಂಥ ಪೆಟ್ಟಿಗೆಯ ಆಯುಸ್ಸೆಷ್ಟು! ಆದಕಾರಣ 1831ರಲ್ಲಿ ವಿಜ್ಞಾನಿ ಫ್ಯಾರಡೆಯು ಕಂಡ ವಿದ್ಯುತ್ ಪ್ರೇರಣೆಯ ತತ್ತ್ವವನ್ನೇ ಆಶ್ರಯಿಸಿ, ಫ್ಲೈವೀಲೆಂಬ ತಿರುಗುಚಕ್ರದೊಳಗೆ ಅಯಸ್ಕಾಂತವನ್ನಿಟ್ಟು, ಅದು ತಿರುಗಿದಂತೆ ಕೆಳಗಿನ ಕಾಯಿಲಿನಲ್ಲಿ ವಿದ್ಯುತ್ತು ಹುಟ್ಟುವಂತೆ ಮಾಡಿದ ಮ್ಯಾಗ್ನೆಟೊ ಬಳಕೆಗೆ ಬಂದಿತು. ಪಾಯಿಂಟುಗಳೆಂಬ, ತೆರೆದು ಮುಚ್ಚುವ ಲೋಹದ ತುದಿಗಳು ತೆರೆದೊಡನೆ ಪ್ರವಾಹವು ತುಂಡಾಗಿ, ಕಾಯಿಲಿನ ಎರಡನೆಯ ಸುತ್ತಿನಲ್ಲಿ ಸಾವಿರಾರು ವೋಲ್ಟುಗಳು ಎದ್ದು ಪ್ಲಗ್ಗಿನ ಸಂದಿಯಲ್ಲಿ ಕಿಡಿಯಾಗುತ್ತವೆ. ಪಾಯಿಂಟುಗಳು ತೆರೆಯುವಲ್ಲಿಯೇ ಕಿಡಿಯು ಹಾರಿಹೋಗದಂತೆ ಕಂಡೆನ್ಸರು ತಡೆಯುತ್ತದೆ.

ಬ್ಯಾಟರಿಯ ತೊಂದರೆ ಹೀಗೆ ತೊಲಗಿತಾದರೂ ವ್ಯಾಧಿಯು ಫ್ಲೈವೀಲಿನಡಿಯಲ್ಲಿ, ಕಣ್ಣಿಗೆ ಬೀಳದ ಎಡೆಯಲ್ಲಿ, ಮನೆ ಮಾಡಿತು. ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಮೋಟಾರಿನ ಪಾಯಿಂಟುಗಳ ಮೇಲೆ ತೆಳುವಾದ ಕಿಲುಬಿನ ಪೊರೆ ಕಟ್ಟುವುದು. ಅಷ್ಟೇ ಸಾಕು, ಹಗ್ಗವನ್ನು ಎಷ್ಟು ಎಳೆದರೂ ಕಿಡಿ ಬಾರದು. ಕಂಡೆನ್ಸರು ಕೆಟ್ಟರೆ ಪಾಯಿಂಟುಗಳೇ ಸುಟ್ಟು ಗುಳಿಬೀಳುವುವು. 1950ರ ದಶಕದ ಅನೇಕ ಕಾಯಿಲುಗಳ ಹೊರಕವಚವು ಬಿರಿದು, ತೇವವು ಒಳಹೊಕ್ಕು, ಕಿಡಿಯು ಪ್ಲಗ್ಗನ್ನು ಮುಟ್ಟುವ ಮೊದಲೇ ದಾರಿತಪ್ಪುವುದುಂಟು. ಎಲ್ಲಕ್ಕಿಂತ ವಂಚಕವಾದುದು ಫ್ಲೈವೀಲನ್ನು ಅದರ ದಂಡಕ್ಕೆ ಸರಿಯಾದ ಎಡೆಯಲ್ಲಿ ಹಿಡಿದಿಡುವ ಸಣ್ಣ ಕೀಲಿ: ಅದು ಮುರಿದರೆ ಕಿಡಿಯು ಸೊಗಸಾಗಿಯೇ ಕಾಣುವುದು, ಆದರೆ ತಪ್ಪು ಹೊತ್ತಿನಲ್ಲಿ ಬರುವುದು.

1970ರ ದಶಕದ ಹೊತ್ತಿಗೆ ವಿದ್ಯುನ್ಮಾನ ವ್ಯವಸ್ಥೆಯು ಪಾಯಿಂಟುಗಳ ಸ್ಥಾನವನ್ನು ಆಕ್ರಮಿಸತೊಡಗಿತು. ಅದಕ್ಕೆ ಹಿಂದಿನ ಮೋಟಾರುಳ್ಳವರು ಮೋಟಾರು ಹೊತ್ತದಿದ್ದಾಗ ನಿರಪರಾಧಿಯಾದ ಕಾರ್ಬ್ಯುರೇಟರನ್ನು ಬಿಚ್ಚಿ ಹರಡುವ ಮುನ್ನ, ಪೆಟ್ರೋಲಿನ ಆವಿಯಿಲ್ಲದ ಕಡೆ ಪ್ಲಗ್ಗನ್ನು ಹೊರತೆಗೆದು, ಯಂತ್ರದ ಲೋಹಕ್ಕೆ ತಾಗಿಸಿ, ಹಗ್ಗವನ್ನೆಳೆದು ಕಿಡಿಯಿದೆಯೇ ಎಂದು ಪರೀಕ್ಷಿಸಲಿ. ಇಲ್ಲವಾದರೆ ಮೊದಲು ಪಾಯಿಂಟುಗಳನ್ನು ಶುಚಿಗೊಳಿಸಲಿ.